ಹೆಚ್ಚಾದ ಅಕ್ಕಿ ಯಾರದು? ದಾಸೋಹ ತತ್ತ್ವವೂ ಹಸಿದ ದೇಶಗಳಿಗೆ ಸರ್ಕಾರ ನೀಡುವ ನೆರವೂ



ಎಳ್ಳಮಾವಾಸ್ಯೆ ಕಳೆದು ಕೆಲವು ವಾರಗಳಾದವು. ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಹೊಲಗಳಲ್ಲಿ ಈ ವರ್ಷವೂ ಚರಗ ಚೆಲ್ಲಿದೆವು. ಕಳೆದ ಸೆಪ್ಟೆಂಬರಿನಲ್ಲಿ ಕಾಗಿಣಾ, ಭೀಮಾ ನದಿಗಳು ಉಕ್ಕಿ ತೊಗರಿ, ಹತ್ತಿ, ಹೆಸರು ನೀರುಪಾಲಾದ ಹೊಲಗಳಲ್ಲಿಯೂ ರೈತರು ಭಜ್ಜಿ, ರೊಟ್ಟಿ, ಕಡುಬು ಕಟ್ಟಿಕೊಂಡು ಹೋಗಿ, ಮೊದಲು ಭೂಮಿತಾಯಿಗೆ ಉಣಿಸಿ, ಅನಂತರ ತಾವು ಉಂಡರು. ಅಂದು ಹೊಲದ ಬದುವಿನಲ್ಲಿ ಹಾದುಹೋಗುವವನು ಯಾರೇ ಆಗಿರಲಿ, ಯಾವ ಊರಿನವನೇ ಆಗಿರಲಿ, ಉಣ್ಣದೆ ಮುಂದೆ ಹೋಗುವಂತಿಲ್ಲ. ಊರು ಯಾವುದೆಂದು ಕೇಳುವುದು ಊಟವಾದ ಮೇಲೆ. ಇದು ನಮ್ಮ ಸೀಮೆಯ ರೂಢಿ.

ಬರುವ ಜನವರಿ 21 ಸಿದ್ಧಗಂಗೆಯ ಪೂಜ್ಯ ಡಾ. ಶಿವಕುಮಾರ ಮಹಾಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾದ ದಿನ. ಅದನ್ನು ರಾಜ್ಯ ಸರ್ಕಾರವು ದಾಸೋಹ ದಿನವೆಂದು ಘೋಷಿಸಿದೆ. ಅದಾದ ಕೆಲವೇ ದಿನಗಳಲ್ಲಿ ಕೇಂದ್ರ ಸರ್ಕಾರದ ಆಯವ್ಯಯವು ಸಂಸತ್ತಿನಲ್ಲಿ ಮಂಡನೆಯಾಗಲಿದೆ. ಒಂದು ದಿನ ನಮ್ಮ ಧರ್ಮದ್ದು, ಇನ್ನೊಂದು ದಿನ ದೇಶದ ಬೊಕ್ಕಸದ್ದು. ಇವೆರಡರ ನಡುವೆ ಇರುವ, ಆದರೆ ನಾವು ಇದುವರೆಗೆ ಗಮನಿಸದ ಒಂದು ಸಂಬಂಧವನ್ನು ಸದ್ಭಕ್ತರ ಮುಂದಿಡುವುದು ಈ ಲೇಖನದ ಉದ್ದೇಶ. ನಮ್ಮ ದೇಶದ ಉಗ್ರಾಣಗಳಲ್ಲಿ ಮಿಕ್ಕಿರುವ ಧಾನ್ಯದಲ್ಲಿ ಒಂದು ಪಾಲನ್ನು ಹಸಿದ ಪರದೇಶಗಳಿಗೆ ಪ್ರತಿವರ್ಷ ಮೀಸಲಿಡಬೇಕೆಂದು ಸರ್ಕಾರವನ್ನು ಕೇಳುವುದು ಮಠಗಳ ಕೆಲಸವೇ? ಹೌದು ಎಂಬುದು ನಮ್ಮ ನಿಲುವು. ಅದಕ್ಕೆ ಕಾರಣಗಳನ್ನೂ, ಅದಕ್ಕೆ ಬರಬಹುದಾದ ಆಕ್ಷೇಪಗಳನ್ನೂ ಒಂದೊಂದಾಗಿ ನೋಡೋಣ.

ಜಗತ್ತಿನ ಹಸಿವು, ಕುಗ್ಗಿದ ಜೋಳಿಗೆ

ವಿಶ್ವಸಂಸ್ಥೆಯ ಸಂಸ್ಥೆಗಳು 2025ರಲ್ಲಿ ಪ್ರಕಟಿಸಿದ ವರದಿಯಂತೆ, 2024ರಲ್ಲಿ ಜಗತ್ತಿನ ಸುಮಾರು 67 ಕೋಟಿ ಜನ ಹಸಿವಿನಿಂದ ಬಳಲಿದ್ದಾರೆ. ಸುಡಾನ್ ದೇಶದ ಕೆಲವು ಭಾಗಗಳಲ್ಲಿ 2024ರಲ್ಲಿಯೂ ಗಾಜಾದಲ್ಲಿ 2025ರ ಆಗಸ್ಟ್ ತಿಂಗಳಲ್ಲಿಯೂ ಕ್ಷಾಮವಿದೆ ಎಂಬುದನ್ನು ತಜ್ಞರು ಅಧಿಕೃತವಾಗಿ ದೃಢಪಡಿಸಿದರು. ಬರಗಾಲದ ಕ್ಷಾಮವನ್ನು ನಮ್ಮ ಹಿರಿಯರು ಕಂಡಿದ್ದರು. ಇವು ಮನುಷ್ಯರೇ ಯುದ್ಧದಿಂದ ತಂದಿಟ್ಟ ಕ್ಷಾಮಗಳು.

ಇಂತಹ ಸ್ಥಳಗಳಿಗೆ ಧಾನ್ಯ ತಲುಪಿಸುವ ದೊಡ್ಡ ಸಂಸ್ಥೆ ವಿಶ್ವ ಆಹಾರ ಕಾರ್ಯಕ್ರಮ. 2020ರ ನೊಬೆಲ್ ಶಾಂತಿ ಪುರಸ್ಕಾರ ಅದಕ್ಕೆ ಸಂದಿತ್ತು. ಅದು ನಡೆಯುವುದು ಸರ್ಕಾರಗಳು ಸ್ವಇಚ್ಛೆಯಿಂದ ಕೊಡುವ ಹಣದಿಂದ. 2024ರಲ್ಲಿ ಅದಕ್ಕೆ ಬಂದದ್ದು ಸುಮಾರು 980 ಕೋಟಿ ಡಾಲರ್. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಅಮೆರಿಕ ಒಂದೇ ದೇಶದ್ದು. 2025ರಲ್ಲಿ ಅಮೆರಿಕದ ಹೊಸ ಆಡಳಿತವು ತನ್ನ ವಿದೇಶಿ ನೆರವಿನ ಸಂಸ್ಥೆಯನ್ನೇ ಮುಚ್ಚಿತು. ಜುಲೈ 1ರಿಂದ ಅದರ ಉಳಿದ ಕೆಲಸ ವಿದೇಶಾಂಗ ಇಲಾಖೆಯೊಳಗೆ ಸೇರಿಹೋಯಿತು. ಯುರೋಪಿನ ಹಲವು ದೇಶಗಳೂ ನೆರವನ್ನು ಕಡಿತಗೊಳಿಸಿದವು. ಆ ವರ್ಷ ತನ್ನ ಆದಾಯವು ಶೇಕಡ 40ರಷ್ಟು ಕುಗ್ಗಬಹುದೆಂದು ವಿಶ್ವ ಆಹಾರ ಕಾರ್ಯಕ್ರಮ ಎಚ್ಚರಿಸಿತು. ದಾಸೋಹದ ಮನೆಯಲ್ಲಿ ಒಲೆ ಉರಿಸುವವರಿಗೆ ಇದರ ಅರ್ಥವನ್ನು ವಿವರಿಸಬೇಕಿಲ್ಲ. ಪಂಕ್ತಿ ಉದ್ದವಾಗುತ್ತಿರುವ ಹೊತ್ತಿಗೆ ಅಕ್ಕಿಯ ಚೀಲ ಅರ್ಧವಾಗಿದೆ.

ನಮ್ಮ ಉಗ್ರಾಣದ ಲೆಕ್ಕ

ಇತ್ತ ನಮ್ಮ ದೇಶದ ಸ್ಥಿತಿ ಬೇರೆ. ಜುಲೈ 1ರ ಹೊತ್ತಿಗೆ ಸರ್ಕಾರದ ಬಳಿ ಕಾಪು ದಾಸ್ತಾನಾಗಿ ಸುಮಾರು 135 ಲಕ್ಷ ಟನ್ ಅಕ್ಕಿ ಇರಬೇಕೆಂಬುದು ನಿಯಮ. 2025ರ ಜುಲೈನಲ್ಲಿ ಇದ್ದ ಅಕ್ಕಿ ಅದರ ಎರಡು ಪಟ್ಟಿಗೂ ಮಿಗಿಲು. ಹೊಸ ಬತ್ತ ಬಂದರೆ ಇಡಲು ಜಾಗವಿಲ್ಲವೆಂಬ ಪರಿಸ್ಥಿತಿಯಲ್ಲಿ, 2024-25ರ ಎಥೆನಾಲ್ ವರ್ಷಕ್ಕೆ 52 ಲಕ್ಷ ಟನ್ ಅಕ್ಕಿಯನ್ನು ಪೆಟ್ರೋಲಿಗೆ ಬೆರೆಸುವ ಇಂಧನದ ತಯಾರಿಕೆಗೆಂದು ಹಂಚಲಾಯಿತು. ಎಥೆನಾಲ್ ತಪ್ಪೆಂದು ನಾವು ಹೇಳುತ್ತಿಲ್ಲ. ದೇಶದ ಇಂಧನದ ಲೆಕ್ಕಾಚಾರ ಬೇರೆಯೇ ಇದೆ. ಆದರೆ ಉಣ್ಣುವ ಅಕ್ಕಿ ಇಷ್ಟು ಪ್ರಮಾಣದಲ್ಲಿ ಉಣ್ಣದ ಕೆಲಸಕ್ಕೆ ಹೋಗುವಾಗ, ಉಣ್ಣಲು ಕಾದಿರುವವರಿಗೆ ಎಷ್ಟು ಹೋಯಿತು ಎಂದು ಕೇಳುವುದು ಧರ್ಮವಾಗಿದೆ.

ಭಾರತ ಏನೂ ಕೊಟ್ಟಿಲ್ಲವೆಂದರೆ ಅದು ಅಸತ್ಯವಾದೀತು. 2022ರ ಫೆಬ್ರವರಿಯಲ್ಲಿ ಅಫ್ಘಾನಿಸ್ತಾನದ ಜನರಿಗಾಗಿ ಅಟಾರಿ ಗಡಿಯ ಮೂಲಕ ಗೋಧಿ ಹೊತ್ತ ಲಾರಿಗಳು ಹೊರಟವು. ಭಾರತ ಘೋಷಿಸಿದ್ದು 50 ಸಾವಿರ ಟನ್. ಆ ಗೋಧಿ ಪಾಕಿಸ್ತಾನದ ನೆಲದ ಮೇಲೆ ಹಾದು, ಭಾರತವು ಮಾನ್ಯ ಮಾಡದ ಆಡಳಿತವಿದ್ದ ದೇಶದ ಹಸಿದವರಿಗೆ ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ತಲುಪಿತು. ಅದು ದಾಸೋಹದ ರೀತಿಯೇ ಆಗಿತ್ತು. 2024ರಲ್ಲಿ ಬರದಿಂದ ತತ್ತರಿಸಿದ ಆಫ್ರಿಕಾದ ಮಲಾವಿಗೆ 1,000 ಟನ್ ಅಕ್ಕಿ ಹೋಯಿತು. 2025ರ ಆಗಸ್ಟ್ ತಿಂಗಳಲ್ಲಿ ಕೇಂದ್ರದ ಆಹಾರ ಇಲಾಖೆಯು ವಿಶ್ವ ಆಹಾರ ಕಾರ್ಯಕ್ರಮದೊಂದಿಗೆ, ಭಾರತದ ಸಾರವರ್ಧಿತ ಅಕ್ಕಿಯನ್ನು ಅದರ ಪರಿಹಾರ ಕಾರ್ಯಗಳಿಗೆ ಒದಗಿಸುವ ಆಶಯಪತ್ರಕ್ಕೆ ಸಹಿ ಹಾಕಿತು.

ಇವೆಲ್ಲ ಶ್ಲಾಘನೀಯ. ಆದರೆ ಅಳತೆಯನ್ನು ನೋಡಬೇಕು. ಮಲಾವಿಗೆ ಹೋದ 1,000 ಟನ್ ಅಕ್ಕಿಯು ಎಥೆನಾಲಿಗೆ ಹಂಚಿದ ಅಕ್ಕಿಯ 5,200 ಪಾಲುಗಳಲ್ಲಿ ಒಂದು ಪಾಲು. 2025-26ರ ಆಯವ್ಯಯದಲ್ಲಿ ವಿದೇಶಾಂಗ ಇಲಾಖೆಯು ಆಫ್ರಿಕಾದ ದೇಶಗಳಿಗೆಲ್ಲ ಸೇರಿ ನೆರವೆಂದು ತೋರಿಸಿದ ಮೊತ್ತ 225 ಕೋಟಿ ರೂಪಾಯಿ. ಇಂದಿನ ಕೊಡುಗೆಯು ಸಂದರ್ಭ ಬಂದಾಗ, ಸ್ನೇಹ ಬೇಕಾದಾಗ ಕೊಡುವ ಕೊಡುಗೆ. ದಾಸೋಹಕ್ಕೆ ನಿತ್ಯತೆ ಬೇಕು. ಇಂದು ಒಲೆ ಹೊತ್ತಿಸಬೇಕೋ ಬೇಡವೋ ಎಂದು ಯಾವ ಮಠವೂ ಬೆಳಗಾದ ಮೇಲೆ ಯೋಚಿಸುವುದಿಲ್ಲ.

ಲಕ್ಕಮ್ಮ ತಾಯಿಯ ಪ್ರಶ್ನೆ

ಹೆಚ್ಚಾದದ್ದು ಯಾರದು ಎಂಬ ಪ್ರಶ್ನೆಗೆ ನಮ್ಮ ಪರಂಪರೆಯಲ್ಲಿ ಉತ್ತರ ಕೊಟ್ಟವರು ಅರ್ಥಶಾಸ್ತ್ರಜ್ಞರಲ್ಲ, ಒಬ್ಬ ಬಡ ಗೃಹಿಣಿ. ಇಂದಿನ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯನವರದು, ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಮಡದಿ ಲಕ್ಕಮ್ಮನವರು ಹಿಗ್ಗಲಿಲ್ಲ. ಇದು ನಮಗೆ ಬೇಕಾದುದಕ್ಕಿಂತ ಹೆಚ್ಚು, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದು ಹೇಳಿ ಕಳುಹಿದರು. ಈ ಪ್ರಸಂಗವನ್ನು ನಾವು ಪ್ರವಚನಗಳಲ್ಲಿ ಎಷ್ಟೋ ಬಾರಿ ಕೇಳಿದ್ದೇವೆ. ದುರಾಸೆ ಬೇಡವೆಂಬ ಮನೆಯ ನೀತಿಯಾಗಿ ಕೇಳಿ ಸುಮ್ಮನಾಗಿದ್ದೇವೆ. ಅದನ್ನು ದೇಶದ ಉಗ್ರಾಣದ ಬಾಗಿಲಲ್ಲಿ ನಿಂತು ಮತ್ತೊಮ್ಮೆ ಕೇಳಿಸಿಕೊಳ್ಳಬೇಕಾಗಿದೆ. ಮಿತಿಗಿಂತ ಹೆಚ್ಚಾದದ್ದರ ಮೇಲೆ ಇಟ್ಟುಕೊಂಡವನ ಹಕ್ಕು ಸಡಿಲವಾಗುತ್ತದೆ, ಇಲ್ಲದವನ ಹಕ್ಕು ಬಿಗಿಯಾಗುತ್ತದೆ.

ನಮ್ಮ ಕಲಬುರಗಿಯ ಮಹಾದಾಸೋಹಿ ಶರಣಬಸವೇಶ್ವರರ ಕಥೆಯೂ ಇದನ್ನೇ ಹೇಳುತ್ತದೆ. ಬೆಳೆದು ನಿಂತ ತೆನೆಗೆ ಮುತ್ತಿದ ಹಕ್ಕಿಗಳನ್ನು ಅವರು ಓಡಿಸಲಿಲ್ಲ. ತಿಂದ ಹಕ್ಕಿಗಳಿಗೆ ಬಾಯಾರಿದರೆ ಎಂದು ನೀರನ್ನೂ ಇಟ್ಟರು ಎಂದು ನಮ್ಮ ಹಿರಿಯರು ಹಾಡಿಕೊಂಡು ಬಂದಿದ್ದಾರೆ. ಹಕ್ಕಿಗೆ ಬದು ಯಾವುದು, ಗಡಿ ಯಾವುದು? ಹಸಿವಿಗೂ ಹಾಗೆಯೇ.

ಇನ್ನೊಂದು ಮಾತನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ದಾನಕ್ಕೂ ದಾಸೋಹಕ್ಕೂ ಅಂತರವಿದೆ. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿ ನೀಡುವವನೇ ದಾಸ. ಉಂಡವನಿಂದ ಕೃತಜ್ಞತೆಯನ್ನೂ ಬಯಸಬಾರದು, ಮತವನ್ನೂ ಬಯಸಬಾರದು, ಮಾತನ್ನೂ ಬಯಸಬಾರದು. ಈ ಅಂತರವನ್ನು ಪುಸ್ತಕದಿಂದ ಮಾತ್ರವಲ್ಲದೆ ಸ್ವಂತ ಅನುಭವದಿಂದಲೂ ಬಲ್ಲ ದೇಶ ನಮ್ಮದು.

ನಾವೂ ಉಂಡಿದ್ದೇವೆ

ನಮ್ಮ ವಯಸ್ಸಿನವರಿಗೂ ನಮಗಿಂತ ಹಿರಿಯರಿಗೂ ಸರ್ಕಾರಿ ಶಾಲೆಯ ಉಪ್ಪಿಟ್ಟಿನ ನೆನಪಿದೆ. ಕೇರ್ ಸಂಸ್ಥೆಯ ಮೂಲಕ ಅಮೆರಿಕದಿಂದ ಬಂದ ರವೆ, ಹಾಲಿನ ಪುಡಿ. ಸಾಲಾಗಿ ಕೂತು, ಮುತ್ತುಗದ ಎಲೆಯಲ್ಲೋ ಮನೆಯಿಂದ ತಂದ ತಾಟಿನಲ್ಲೋ ಅದನ್ನು ಹಾಕಿಸಿಕೊಂಡು ಉಂಡ ನಮ್ಮಲ್ಲಿ ಅನೇಕರು ಇಂದು ಶಿಕ್ಷಕರು, ವಕೀಲರು, ವಾಡಿ ಶಹಾಬಾದಿನ ಕಾರ್ಖಾನೆಗಳಿಂದ ನಿವೃತ್ತರಾದವರು. ಆ ರವೆಯನ್ನು ಬೆಳೆದವರು ಯಾರೆಂದು ನಾವು ಕೇಳಲಿಲ್ಲ. ಉಣ್ಣುವವರು ಯಾರೆಂದು ಅವರೂ ಅರಿಯರು.

ಆ ಧಾನ್ಯದ ಹಿಂದೆ ದೊಡ್ಡ ಇತಿಹಾಸವಿದೆ. 1951ರಲ್ಲಿ ಭಾರತದಲ್ಲಿ ಆಹಾರದ ಕೊರತೆ ಕಾಡಿದಾಗ ಅಮೆರಿಕದ ಸಂಸತ್ತು ತಿಂಗಳುಗಟ್ಟಲೆ ವಾದ ಮಾಡಿ, ಜೂನ್ ತಿಂಗಳಲ್ಲಿ 19 ಕೋಟಿ ಡಾಲರ್ ಸಾಲದ ರೂಪದಲ್ಲಿ ಗೋಧಿ ಕೊಡಲು ಒಪ್ಪಿತು. ಕೊಡಬೇಕೆಂದು ಒತ್ತಾಯಿಸಿದವರಲ್ಲಿ ಕ್ವೇಕರ್ ಪಂಥದವರೂ ಸೇರಿ ಅಲ್ಲಿನ ಧಾರ್ಮಿಕ ಸಂಘಟನೆಗಳಿದ್ದವು. 1956ರಿಂದ ಪಿ.ಎಲ್. 480 ಎಂಬ ಕಾನೂನಿನಡಿ ಗೋಧಿ ಬರತೊಡಗಿತು. 1965-66ರ ಭೀಕರ ಬರಗಾಲದ ಹೊತ್ತಿಗೆ ಅದು ನಮ್ಮ ದೇಶದ ಜೀವದ ಪ್ರಶ್ನೆಯಾಯಿತು. ಆಗ ಅಧ್ಯಕ್ಷ ಜಾನ್ಸನ್ ಅವರು ಹಡಗುಗಳನ್ನು ತಿಂಗಳು ತಿಂಗಳಿಗೆ ಅಳೆದು ಬಿಡುಗಡೆ ಮಾಡಿದರು. ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸಿದ್ದು ಅವರಿಗೆ ಹಿಡಿಸಿರಲಿಲ್ಲ. ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿರೆಂದು ದೇಶಕ್ಕೆ ಕರೆ ಕೊಟ್ಟ ಕಾಲವೂ ಅದೇ. ಆ ಗೋಧಿ ಜೀವ ಉಳಿಸಿತು, ಮಾನವನ್ನು ನೋಯಿಸಿತು. ಎರಡನ್ನೂ ಮರೆಯಬಾರದು.

ಆ ದೇಶದ ಇನ್ನೊಂದು ಮುಖವನ್ನೂ ನಾವು ಅರಿಯಬೇಕು. 1974ರಲ್ಲಿ ಆರ್ಥರ್ ಸೈಮನ್ ಎಂಬ ಲೂಥರನ್ ಪಾದ್ರಿಗಳು ಅಲ್ಲಿ ಬ್ರೆಡ್ ಫಾರ್ ದಿ ವರ್ಲ್ಡ್ ಎಂಬ ಸಂಸ್ಥೆಯನ್ನು ಕಟ್ಟಿದರು. ಅದು ಅನ್ನ ಹಂಚುವ ಸಂಸ್ಥೆಯಲ್ಲ. ಚರ್ಚಿಗೆ ಬರುವ ಭಕ್ತರು ತಮ್ಮ ಸಂಸದರಿಗೆ, ಹಸಿದವರಿಗಾಗಿ ಆಯವ್ಯಯದಲ್ಲಿ ಹಣವಿಡಿ ಎಂದು ಪತ್ರ ಬರೆಯುತ್ತಾರೆ. ಆ ಪತ್ರಗಳನ್ನು ಕಾಣಿಕೆಯೆಂಬಂತೆ ಪ್ರಾರ್ಥನೆಯಲ್ಲಿ ಅರ್ಪಿಸಿ, ಆಮೇಲೆ ಅಂಚೆಗೆ ಹಾಕುತ್ತಾರೆ. ಒಂದು ಚರ್ಚಿನ ಕಾಣಿಕೆಯಿಂದ ಕೆಲವರ ಹೊಟ್ಟೆ ತುಂಬೀತು, ಸರ್ಕಾರದ ಒಂದು ತೀರ್ಮಾನದಿಂದ ಲಕ್ಷಾಂತರ ಜನರ ಹೊಟ್ಟೆ ತುಂಬುತ್ತದೆ ಎಂಬುದು ಅವರ ಅರಿವು. ಮತ ಬೇರೆ, ದೇಶ ಬೇರೆ. ಆದರೂ ಈ ವಿವೇಕವನ್ನು ಅವರಿಂದ ಕಲಿಯಲು ನಮಗೆ ಸಂಕೋಚವಿರಬೇಕಿಲ್ಲ.

ಮೊದಲು ನಮ್ಮ ಮಕ್ಕಳು ಎಂಬ ಮಾತು

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ನಮ್ಮ ಜಿಲ್ಲೆಯ ಪ್ರಮಾಣ ಅದಕ್ಕಿಂತ ಹೆಚ್ಚು. ಚಿಂಚೋಳಿಯ ತಾಂಡಾಗಳಿಂದ ಇಂದಿಗೂ ಕುಟುಂಬಗಳು ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತವೆ. ಪ್ರವಾಹದ ದಿನಗಳಲ್ಲಿ ಕಾಗಿಣಾ ದಂಡೆಯ ಜನ ಕಾಳಜಿ ಕೇಂದ್ರಗಳಲ್ಲಿ ಪಂಕ್ತಿಯಲ್ಲಿ ಕೂತು ಉಂಡದ್ದನ್ನು ನಾವೇ ನೋಡಿದ್ದೇವೆ. ಮನೆಯ ಮಕ್ಕಳು ಹಸಿದಿರುವಾಗ ಮಲಾವಿಯ ಮಾತೇಕೆ ಎಂದು ಕೇಳುವವರ ನೋವು ನಿಜವಾದದ್ದು.

ಆದರೆ ನಮ್ಮ ಮಕ್ಕಳ ತಟ್ಟೆ ಖಾಲಿಯಿರುವುದು ಪರದೇಶಕ್ಕೆ ಅಕ್ಕಿ ಹೋದುದರಿಂದ ಅಲ್ಲ. 2023ರ ಜೂನ್ ತಿಂಗಳನ್ನು ನೆನಪಿಸಿಕೊಳ್ಳಿ. ಅನ್ನಭಾಗ್ಯಕ್ಕೆ ಹೆಚ್ಚುವರಿ ಅಕ್ಕಿಯನ್ನು ಹಣ ಕೊಟ್ಟು ಕೊಳ್ಳುತ್ತೇವೆಂದು ರಾಜ್ಯ ಕೇಳಿತು. ರಾಜ್ಯಗಳಿಗೆ ಮುಕ್ತ ಮಾರಾಟದ ಅಕ್ಕಿಯನ್ನು ಕೇಂದ್ರ ನಿಲ್ಲಿಸಿತು. ಕೊನೆಗೆ ಐದು ಕಿಲೋ ಅಕ್ಕಿಯ ಬದಲಿಗೆ ತಲೆಗೆ 170 ರೂಪಾಯಿ ಖಾತೆಗೆ ಜಮೆಯಾಯಿತು. ಅಂದು ಯಾರದು ಸರಿ ಎಂಬ ರಾಜಕೀಯದ ವಾದ ನಮಗೆ ಬೇಡ. ಗಮನಿಸಬೇಕಾದದ್ದು ಇಷ್ಟೇ: ಉಗ್ರಾಣದಲ್ಲಿ ಅಕ್ಕಿ ಇರುವಾಗಲೇ ಬಡವನ ಮನೆಗೆ ಅದು ಬರಲಿಲ್ಲ. ಕೊರತೆ ಅಕ್ಕಿಯದಾಗಿರಲಿಲ್ಲ.

ಇದಕ್ಕೂ ಹಿಂದಿನ ನಿದರ್ಶನ ಇನ್ನೂ ಸ್ಪಷ್ಟವಾಗಿದೆ. 2001ರಲ್ಲಿ ಸರ್ಕಾರದ ಗೋದಾಮುಗಳು ತುಂಬಿ ತುಳುಕುತ್ತಿದ್ದಾಗ ರಾಜಸ್ಥಾನದಲ್ಲಿ ಜನ ಹಸಿವಿನಿಂದ ನರಳುತ್ತಿದ್ದರು. ನಾಗರಿಕ ಹಕ್ಕುಗಳ ಸಂಘಟನೆಯೊಂದು ಸುಪ್ರೀಂ ಕೋರ್ಟಿನ ಮೊರೆ ಹೋಯಿತು. ಆ ವರ್ಷದ ನವೆಂಬರ್ 28ರಂದು ನ್ಯಾಯಾಲಯವು ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. 2002ರ ಜೂನ್‌ನಲ್ಲಿ ಕರ್ನಾಟಕವು ಆ ಯೋಜನೆಯನ್ನು ಮೊದಲು ಆರಂಭಿಸಿದ್ದು ನಮ್ಮ ಕಲಬುರಗಿಯೂ ಸೇರಿದ ಉತ್ತರದ ಏಳು ಜಿಲ್ಲೆಗಳಲ್ಲಿ. ಅದಕ್ಕೆ ಸರ್ಕಾರ ಇಟ್ಟ ಹೆಸರು ಅಕ್ಷರ ದಾಸೋಹ. ನಮ್ಮ ಮಠಗಳ ಅಡುಗೆ ಮನೆಯ ಶಬ್ದವೊಂದು ಸರ್ಕಾರದ ಆಯವ್ಯಯದ ಪುಟಕ್ಕೆ ಹೋದದ್ದು ಹೀಗೆ. ಕೇಳಿದವರಿದ್ದರು, ಆದ್ದರಿಂದ ದೊರೆಯಿತು. ಮನೆಯ ಮಗುವಿನ ಪರವಾಗಿ ಕೇಳುವ ಬಾಯಿಗೂ ನೆರೆಯ ಮಗುವಿನ ಪರವಾಗಿ ಕೇಳುವ ಬಾಯಿಗೂ ಜಗಳವಿಲ್ಲ. ನೆರೆಯವನ ಹಸಿವಿಗೆ ಕಿವುಡಾದ ಸರ್ಕಾರವು ಮನೆಯವನ ಹಸಿವಿಗೂ ಬೇಗನೆ ಕಿವುಡಾಗುತ್ತದೆ.

ತೊಗರಿ ರೈತನ ಪ್ರಶ್ನೆ

ಎರಡನೆಯ ಆಕ್ಷೇಪ ಇದಕ್ಕಿಂತ ಗಡುಸಾದದ್ದು. ಅದು ನಮ್ಮ ಹೊಲದಿಂದಲೇ ಬರುತ್ತದೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಬೆಲೆ ಮಾತ್ರ ಸಿಗಲಿಲ್ಲ. 2024-25ರಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 7,550 ರೂಪಾಯಿ; ರಾಜ್ಯ ಅದಕ್ಕೆ 450 ರೂಪಾಯಿ ಸೇರಿಸಿತು. ಆದರೂ ಮಾರುಕಟ್ಟೆಯ ಧಾರಣೆ ಬೆಂಬಲ ಬೆಲೆಗಿಂತ ಕೆಳಕ್ಕೆ ಇಳಿಯಿತು. ಆ ವರ್ಷ ದೇಶಕ್ಕೆ ಆಮದಾದ ತೊಗರಿ ಸುಮಾರು 12 ಲಕ್ಷ ಟನ್, ಅದೂ ಸುಂಕವಿಲ್ಲದೆ. ಸುಂಕರಹಿತ ಆಮದಿನ ಅವಧಿ 2026ರ ಮಾರ್ಚ್ 31ರವರೆಗೆ ವಿಸ್ತರಣೆಯಾಗಿತ್ತು. 2025-26ರ ಬೆಂಬಲ ಬೆಲೆ 8,000 ರೂಪಾಯಿ ಎಂದಿದ್ದರೂ, ನೆರೆಯಲ್ಲಿ ಅಳಿದು ಉಳಿದ ತೊಗರಿಯನ್ನು ರಾಶಿ ಮಾಡುತ್ತಿರುವ ರೈತನ ಎದೆಯಲ್ಲಿ ಅಳುಕಿದೆ.

ಆ ಆಮದು ತೊಗರಿ ಎಲ್ಲಿಯದು? ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾ, ಮಲಾವಿ ಮೊದಲಾದ ದೇಶಗಳದ್ದು. ಮಲಾವಿಯಿಂದ ವರ್ಷಕ್ಕೆ 50 ಸಾವಿರ ಟನ್ ತೊಗರಿ ಕೊಳ್ಳುವ ಐದು ವರ್ಷಗಳ ಒಪ್ಪಂದವನ್ನು ಭಾರತ 2021ರಲ್ಲಿ ಮಾಡಿಕೊಂಡಿದೆ. ನಂಡೋಲೊ ಎಂದು ಅಲ್ಲಿ ಕರೆಯುವ ಆ ಕಾಳು ನಮ್ಮ ತೊಗರಿಯೇ. 2024ರ ಮಾರ್ಚ್‌ನಲ್ಲಿ ಬರದ ಕಾರಣದಿಂದ ಆ ದೇಶದ 28 ಜಿಲ್ಲೆಗಳ ಪೈಕಿ 23ರಲ್ಲಿ ವಿಪತ್ತಿನ ಸ್ಥಿತಿ ಘೋಷಣೆಯಾಯಿತು. ಅಂದರೆ ನಮ್ಮ ರೈತ ಯಾರ ತೊಗರಿಯಿಂದ ತನ್ನ ಬೆಲೆ ಬಿತ್ತೆಂದು ನೊಂದುಕೊಳ್ಳುತ್ತಾನೋ, ಆ ರೈತನೂ ಉಣ್ಣಲಿಲ್ಲದೆ ಕೂತಿದ್ದಾನೆ. ಇವರಿಬ್ಬರೂ ಎದುರಾಳಿಗಳಲ್ಲ. ಮಳೆಯನ್ನೇ ನಂಬಿದ, ಬೆಲೆಯನ್ನು ಬೇರೆಯವರು ಕಟ್ಟುವ ಒಂದೇ ಕುಲದವರು.

ಇಲ್ಲಿಯೇ ನಮ್ಮ ಸೀಮೆಯವರು ಈ ವಿಷಯದಲ್ಲಿ ಮಾತನಾಡಲು ಉಳಿದವರಿಗಿಂತ ಹೆಚ್ಚು ಅರ್ಹರು ಎಂದು ನಾವು ತಿಳಿಯುತ್ತೇವೆ. ಹೊರಗಿನಿಂದ ಅಗ್ಗದ ಧಾನ್ಯ ಬಂದು ಸುರಿದರೆ ಬೆಳೆಯುವವನ ಗತಿ ಏನಾಗುತ್ತದೆಂದು ಸೇಡಂ ಮಾರುಕಟ್ಟೆಗೆ ತೊಗರಿ ಹೇರಿಕೊಂಡು ಹೋದ ರೈತನಿಗೆ ಯಾರೂ ಪಾಠ ಹೇಳಬೇಕಿಲ್ಲ. ಪಿ.ಎಲ್. 480ರ ಗೋಧಿ ನಮ್ಮ ರೈತರ ಬೆಲೆಯನ್ನು ಕುಗ್ಗಿಸಿತೆಂಬ ವಾದವೂ ಅಂದು ಇತ್ತು. ನಾವು ಅನುಭವಿಸಿದ ನೋವನ್ನು ನಮ್ಮ ನೆರವಿನ ಹೆಸರಿನಲ್ಲಿ ಇನ್ನೊಬ್ಬ ರೈತನಿಗೆ ಕೊಡಬಾರದು. ಆದ್ದರಿಂದ ನೆರವು ಬರ, ನೆರೆ, ಯುದ್ಧದ ಕಾಲಕ್ಕೆ ಮಾತ್ರ. ಅಲ್ಲಿ ಬೆಳೆ ಬಂದ ವರ್ಷ ಅಲ್ಲಿನ ಕಾಳನ್ನೇ ಹಣ ಕೊಟ್ಟು ಕೊಂಡು ಹಂಚಬೇಕು. ಕಾಯಕವನ್ನು ಕೆಡಿಸುವ ದಾಸೋಹವು ದಾಸೋಹವಲ್ಲ ಎಂಬುದು ಶರಣರ ಮಾತಿನ ತಿರುಳು.

ಹಾಗೆಯೇ, ಪರದೇಶದ ಹಸಿವಿನ ಹೆಸರು ಹೇಳಿ ನಮ್ಮ ರೈತನ ಬೆಲೆಯನ್ನು ಬಲಿಕೊಡಬಾರದು. ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಯ ಬದಲಿಗೆ ತೊಗರಿ ಬೇಳೆಯೂ ಇರುವ ಆಹಾರ ಕಿಟ್ ಕೊಡಲು ರಾಜ್ಯ ಸರ್ಕಾರವು 2025ರ ಅಕ್ಟೋಬರಿನಲ್ಲಿ ತೀರ್ಮಾನಿಸಿದೆ. ಆ ಬೇಳೆ ಕಲಬುರಗಿ ಜಿಲ್ಲೆಯ ರೈತನಿಂದ ಬೆಂಬಲ ಬೆಲೆಗೆ ಕೊಂಡ ತೊಗರಿಯದಾದರೆ, ಬಡವನ ತಟ್ಟೆಗೂ ರೈತನ ಕೈಗೂ ಒಂದೇ ಹಣ ಎರಡು ಬಾರಿ ಉಪಕಾರ ಮಾಡುತ್ತದೆ.

ನಾವು ಕೇಳಬೇಕಾದದ್ದು

ಈ ಎಲ್ಲವನ್ನೂ ತೂಗಿ ನೋಡಿ, ಮೂರು ಬೇಡಿಕೆಗಳನ್ನು ನಾವು ಮುಂದಿಡುತ್ತೇವೆ.

ಮೊದಲನೆಯದು, ಕಾಪು ದಾಸ್ತಾನಿನ ಮಿತಿಯನ್ನು ಮೀರಿದ ಅಕ್ಕಿಯಲ್ಲಿ ನೂರಕ್ಕೆ ಒಂದು ಪಾಲನ್ನು ಹಸಿದ ದೇಶಗಳಿಗೆಂದು ಪ್ರತಿವರ್ಷ ಮೀಸಲಿಡಬೇಕು. ಮಿತಿಯಷ್ಟೇ ಅಕ್ಕಿ ಹೆಚ್ಚಾಗಿದೆ ಎಂದು ಹಿಡಿದರೂ ಆ ಒಂದು ಪಾಲು 1 ಲಕ್ಷ 35 ಸಾವಿರ ಟನ್ ಆಗುತ್ತದೆ. ದಿನಕ್ಕೆ ತಲೆಗೆ 400 ಗ್ರಾಂ ಲೆಕ್ಕದಲ್ಲಿ ಅದು ಒಂಬತ್ತು ಲಕ್ಷಕ್ಕೂ ಹೆಚ್ಚು ಜನರ ಒಂದು ವರ್ಷದ ಅನ್ನ. ಕಿಲೋಗೆ 40 ರೂಪಾಯಿ ಹಿಡಿದರೆ ಅಕ್ಕಿಯ ಬೆಲೆ 540 ಕೋಟಿ ರೂಪಾಯಿ; ಸಾಗಣೆ ಬೇರೆ. ಇಷ್ಟು ದೊಡ್ಡ ದೇಶಕ್ಕೆ ಇದು ಭಾರವಲ್ಲ.

ಎರಡನೆಯದು, ಅದಕ್ಕಾಗಿ ಆಯವ್ಯಯದಲ್ಲಿ ಪ್ರತ್ಯೇಕ ಶೀರ್ಷಿಕೆಯಿರಬೇಕು. ಯಾವ ದೇಶ ನಮ್ಮ ಮಿತ್ರ, ಯಾವುದು ಅಲ್ಲ ಎಂಬುದರ ಮೇಲೆ ಅಕ್ಕಿ ಹೋಗಬಾರದು. ಹಸಿವಿನ ಅಳತೆಯ ಮೇಲೆ ಹೋಗಬೇಕು. ಅಫ್ಘಾನಿಸ್ತಾನಕ್ಕೆ ಗೋಧಿ ಕಳುಹಿಸಿದಾಗ ತೋರಿದ ದೊಡ್ಡತನ ನಿಯಮವಾಗಲಿ.

ಮೂರನೆಯದು, ನಮ್ಮ ಪಡಿತರ, ಅಂಗನವಾಡಿ ಹಾಗೂ ಅಕ್ಷರ ದಾಸೋಹಕ್ಕೆ ಬೇಕಾದ ಧಾನ್ಯವನ್ನು ಮೊದಲು ತೆಗೆದಿರಿಸಿ, ತೊಗರಿಯ ಆಮದು ಸುಂಕವನ್ನು ಸುಗ್ಗಿಯ ತಿಂಗಳುಗಳಲ್ಲಿ ಮರಳಿ ವಿಧಿಸಬೇಕು. ಮನೆಯವರನ್ನು ಉಪವಾಸ ಕೆಡವಿ ಮಾಡುವ ಅತಿಥಿ ಸತ್ಕಾರವನ್ನು ಯಾವ ಶರಣರೂ ಕಲಿಸಿಲ್ಲ.

ನಮ್ಮನ್ನೇ ಕೇಳಿಕೊಳ್ಳಬೇಕಾದದ್ದು

ಕೊನೆಯಲ್ಲಿ, ಮಠಗಳವರಾದ ನಾವು ನಮ್ಮನ್ನೇ ನೋಡಿಕೊಳ್ಳಬೇಕು. ಮಠಗಳು ಸರ್ಕಾರದ ಬಾಗಿಲಿಗೆ ಹೋಗಿಲ್ಲವೇ? ಹೋಗಿದ್ದೇವೆ. 2017ರಲ್ಲಿ ಧರ್ಮ ಮಾನ್ಯತೆಗಾಗಿ ಬೀದರಿನಲ್ಲಿ, ಕಲಬುರಗಿಯಲ್ಲಿ ಲಕ್ಷಾಂತರ ಜನ ಸೇರಿದೆವು. ಮೀಸಲಾತಿಗಾಗಿ ಪಾದಯಾತ್ರೆಗಳಾದವು. ಸಮುದಾಯ ಭವನಗಳಿಗಾಗಿ ಅನುದಾನ ಕೇಳಿದೆವು, ಪಡೆದೆವು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಲು ಆರಂಭಿಸಿದಾಗ ಹಲವು ಮಠಾಧೀಶರು ಗಟ್ಟಿಯಾಗಿ ವಿರೋಧಿಸಿದರು. ಆ ವಾದದ ಸರಿ ತಪ್ಪು ಇಲ್ಲಿಯ ವಿಷಯವಲ್ಲ. ಮಕ್ಕಳ ತಟ್ಟೆಯಲ್ಲಿ ಏನಿರಬಾರದು ಎಂಬ ಬಗ್ಗೆ ಎತ್ತಿದ ಧ್ವನಿಯ ಅರ್ಧದಷ್ಟನ್ನಾದರೂ, ತಟ್ಟೆಯಲ್ಲಿ ಏನೂ ಇಲ್ಲದವರ ಪರವಾಗಿ ಎತ್ತಿದ್ದೇವೆಯೇ ಎಂಬುದಷ್ಟೇ ಪ್ರಶ್ನೆ.

ಇದುವರೆಗೆ ನಾವು ಕೇಳಿದ್ದರಲ್ಲಿ ಬಹುಪಾಲು ನಮಗಾಗಿ. ಅದರಲ್ಲಿ ತಪ್ಪಿಲ್ಲ; ಪ್ರಜೆಗಳಿಗೆ ಆ ಹಕ್ಕಿದೆ. ಆದರೆ ಒಂದು ಬಾರಿ, ನಮಗೆ ಒಂದು ಕಾಳೂ ಬಾರದ, ನಮ್ಮ ಸಮಾಜಕ್ಕೆ ಒಂದು ಮತವೂ ದೊರೆಯದ, ನಾವೆಂದೂ ಮುಖ ನೋಡದ ಜನರಿಗಾಗಿ ಕೇಳಿದರೆ, ಆ ಕೇಳಿಕೆಗೇ ಒಂದು ತೂಕ ಬರುತ್ತದೆ. ಕೇಳುವವನಿಗೆ ಲಾಭವಿಲ್ಲದ ಬೇಡಿಕೆಯನ್ನು ಅಧಿಕಾರಸ್ಥರು ಹಗುರವಾಗಿ ತಳ್ಳಿಹಾಕಲಾರರು.

ಪೂಜ್ಯ ಶ್ರೀಗಳ ಅಪ್ಪಣೆಯಂತೆ ಜನವರಿ 21ರ ದಾಸೋಹ ದಿನದಂದು ಶ್ರೀಮಠದಲ್ಲಿ ಎಂದಿನಂತೆ ಧಾನ್ಯ ಸಮರ್ಪಣೆ ಇರುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಸದ್ಭಕ್ತರು ತಾವು ತರುವ ಜೋಳ, ತೊಗರಿಯ ಜೊತೆಗೆ ಈ ಬಾರಿ ಒಂದೊಂದು ಪತ್ರವನ್ನೂ ತರಬೇಕೆಂದು ವಿನಂತಿ. ಚಿಂಚೋಳಿಯವರು ಬೀದರ್ ಕ್ಷೇತ್ರದ ಸಂಸದರಿಗೂ ಉಳಿದವರು ಕಲಬುರಗಿ ಕ್ಷೇತ್ರದ ಸಂಸದರಿಗೂ ಬರೆಯಬೇಕು. ಎಲ್ಲರೂ ಕೇಂದ್ರ ಹಣಕಾಸು ಸಚಿವರಿಗೆ ಒಂದು ಪ್ರತಿ ಕಳುಹಿಸಬೇಕು. ಅಚ್ಚು ಹಾಕಿಸಿದ ಪತ್ರ ಬೇಡ, ಸ್ವಂತ ಕೈಬರಹವಿರಲಿ. ಭಾಷೆ ನಮ್ಮದೇ ಇರಲಿ, ನಾಲ್ಕು ಸಾಲು ಸಾಕು. ಶಾಲೆಯಲ್ಲಿ ಉಪ್ಪಿಟ್ಟು ಉಂಡವರು ಅದನ್ನು ಬರೆಯಿರಿ. ತೊಗರಿಯ ಬೆಲೆ ಬಿದ್ದು ನೊಂದವರು ಅದನ್ನೂ ಬರೆಯಿರಿ. ಬರೆಯಲು ಬಾರದ ಹಿರಿಯರು ಹೇಳಿದ್ದನ್ನು ಮಠದ ಶಾಲೆಯ ಮಕ್ಕಳು ಬರೆದುಕೊಡುತ್ತಾರೆ. ಪತ್ರಗಳು ಧಾನ್ಯದ ರಾಶಿಯ ಪಕ್ಕದಲ್ಲಿಯೇ ಇರುತ್ತವೆ. ಪೂಜೆಯ ಅನಂತರ ಅಂದೇ ಅಂಚೆಗೆ ಹೋಗುತ್ತವೆ.

ವಾಡಿ ಜಂಕ್ಷನ್ನಿನಲ್ಲಿ ಮುಂಬೈ, ಚೆನ್ನೈ, ಹೈದರಾಬಾದ್ ದಿಕ್ಕಿನ ಹಳಿಗಳು ಕೂಡುತ್ತವೆ. ಅಲ್ಲಿ ನಿಂತವರು ಅಕ್ಕಿ ಹೇರಿದ ಗೂಡ್ಸ್ ಗಾಡಿಗಳು ಹಾದುಹೋಗುವುದನ್ನು ನೋಡಿರಬಹುದು. ಆ ಚೀಲಗಳಲ್ಲಿ ನೂರಕ್ಕೊಂದು ಚೀಲ ಬಂದರಿಗೆ ಹೋಗಿ, ಹಡಗೇರಿ, ಎಲ್ಲಿಯೋ ಒಬ್ಬ ತಾಯಿಯ ಒಲೆಯ ಮೇಲೆ ಅನ್ನವಾಗಲಿ ಎಂಬುದೇ ನಮ್ಮ ಬೇಡಿಕೆ. ಆ ತಾಯಿಗೆ ನಮ್ಮ ಹೆಸರು ಗೊತ್ತಾಗಬೇಕಿಲ್ಲ.



ಕಾರ್ಯದರ್ಶಿಗಳು, ಶ್ರೀಮಠ